ತೊಣ್ಣೂರು: ಕೆರೆಯ ಬಗಲಿನ ಪಟ್ಟಣ



ತೊಣ್ಣೂರು ಅಂದ ಕೂಡಲೇ ನಮ್ಮ ತಾಲ್ಲೂಕಿನ ಮಕ್ಕಳು ಕೂಡ ‘ಕೆರೆ’ ಅನ್ನುತ್ತಾರೆ. ಭಾನುವಾರ ಬಂದವರು ಈಜಿ, ಫೋಟೋ ತೆಗೆದುಕೊಂಡು, ಹಾಗೇ ಮೇಲುಕೋಟೆಯ ದಾರಿ ಹಿಡಿಯುತ್ತಾರೆ. ಆ ಕೆರೆಯ ಬಗಲಲ್ಲೇ ಹೊಯ್ಸಳರ ಕಾಲದ ಪಟ್ಟಣವೊಂದಿತ್ತು. ಇವತ್ತು ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆ.

ಶಾಸನಗಳಲ್ಲಿ ಇದು ತೊಂಡನೂರು. ಯಾದವನಾರಾಯಣ ಚತುರ್ವೇದಿಮಂಗಲವೆಂಬ ಅಗ್ರಹಾರ. ಚೋಳನಾಡಿನಿಂದ ಬಂದ ರಾಮಾನುಜಾಚಾರ್ಯರು ಇಲ್ಲಿ ನೆಲೆಸಿದ್ದರೆಂದು ವೈಷ್ಣವ ಪರಂಪರೆ ಹೇಳುತ್ತದೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರನ ದಂಡು ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೆ ಬಿತ್ತು. ಮುಂದೆ ದೆಹಲಿಯ ಸೈನ್ಯ ಮತ್ತೆ ಬಂದು ರಾಜಧಾನಿಯನ್ನು ಹಾಳುಗೆಡವಿದಾಗ ಹೊಯ್ಸಳ ದೊರೆ ಮೂರನೇ ಬಲ್ಲಾಳ ಆಸರೆ ಹುಡುಕಿ ಬಂದದ್ದು ಇದೇ ತೊಣ್ಣೂರಿಗೆ.

ನಂಬಿನಾರಾಯಣ ದೇವಸ್ಥಾನಕ್ಕೆ ಹೋಗಿ ನಿಧಾನವಾಗಿ ನೋಡಿ. ಬೇಲೂರಿನ ಕುಸುರಿ ಅಲ್ಲಿಲ್ಲ. ಬಳಪದ ಕಲ್ಲಲ್ಲ, ಗಟ್ಟಿ ಗ್ರಾನೈಟ್; ಚೋಳರ ಕಡೆಯ ಕಟ್ಟಡದ ರೀತಿ. ತೊಣ್ಣೂರಿನ ಗುಡಿಗಳ ಶಾಸನಗಳಲ್ಲಿ ತಮಿಳಿನವೇ ಹೆಚ್ಚು. ನಡು ಮಧ್ಯಾಹ್ನ ಹೋದರೆ ಗೋಡೆಯ ಮೇಲೆ ಏನೂ ಕಾಣುವುದಿಲ್ಲ. ಸಂಜೆಯ ಓರೆ ಬಿಸಿಲು ಬಿದ್ದಾಗ ಗೆರೆಗಳಲ್ಲಿ ನೆರಳು ನಿಂತು ಅಕ್ಷರಗಳು ಸಾಲು ಸಾಲಾಗಿ ಮೇಲೇಳುತ್ತವೆ. ದೇವರ ದೀಪಕ್ಕೆ ಇಷ್ಟು ಹೊನ್ನು, ನೈವೇದ್ಯಕ್ಕೆ ಇಷ್ಟು ಗದ್ದೆ ಎಂಬ ಲೆಕ್ಕಗಳು. ನನ್ನ ಮಟ್ಟಿಗೆ ಪಟ್ಟಣವೆಂದರೆ ಅದೇ: ಕೊಟ್ಟವರು, ಪಡೆದವರು, ಉತ್ತವರು.

ಕೆರೆಗೂ ಏಟು ಬಿದ್ದಿದೆ. ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗ್ ಇದನ್ನು ಮೋತಿ ತಲಾಬ್ ಎಂದು ಕರೆದ. ಟಿಪ್ಪುವಿನ ಕಾಲದಲ್ಲಿ ಶತ್ರುವಿಗೆ ನೀರು ಸಿಗಬಾರದೆಂದು ಏರಿಯನ್ನೇ ಒಡೆಸಿದರು. ಮತ್ತೆ ಕಟ್ಟಿದ್ದು ಯಾಕೆ? ಕೆಳಗಿನ ಗದ್ದೆಗೆ ನೀರು ಬೇಕಿತ್ತು. ಊರಿನ ಹಳೆಯ ಮಂಟಪ, ಬಿದ್ದ ಕಂಬ, ಮುರಿದ ವಿಗ್ರಹ ಯಾರಿಗೂ ಬೇಕಿರಲಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಗುಡಿಗಳನ್ನು ದುರಸ್ತಿ ಮಾಡಬಹುದು, ಅದಕ್ಕೆ ಇಲಾಖೆಗಳಿವೆ. ನನ್ನ ಚಿಂತೆ ಹೊಲಗಳದ್ದು. ಜೆಸಿಬಿ ಒಂದು ದಿಣ್ಣೆಯನ್ನು ಮಟ್ಟ ಮಾಡಿದರೆ ಅದರಡಿಯ ಹಳೆಯ ಪಟ್ಟಣದ ತಳಪಾಯ ಒಂದೇ ಬೆಳಿಗ್ಗೆಯಲ್ಲಿ ಹೋಯಿತು. ಅದಕ್ಕೆ ಮುಂಚೆ ಆಗಬೇಕಾದ ಕೆಲಸ ಒಂದಿದೆ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟವನ್ನು ಕೈಯಲ್ಲಿ ಹಿಡಿದು ಊರಿನ ಅಜ್ಜಂದಿರ ಜೊತೆ ಗದ್ದೆಯ ಬದುಗಳ ಮೇಲೆ ನಡೆಯಬೇಕು. ಶಾಸನಗಳಲ್ಲಿ ಜಮೀನಿನ ಎಲ್ಲೆಯಾಗಿ ಹೇಳಿರುವ ಕಾಲುವೆ, ಗುಂಡಿ, ಹೊಲಗಳಲ್ಲಿ ಯಾವುದರ ಹೆಸರು ಇನ್ನೂ ಅವರ ಬಾಯಲ್ಲಿದೆಯೋ ಕೇಳಿ ಬರೆದುಕೊಳ್ಳಬೇಕು. ನಮ್ಮ ಸಂಘದ ಹುಡುಗ ಹುಡುಗಿಯರಲ್ಲಿ ಬರುವವರಿದ್ದರೆ ಸಭೆ ಮುಗಿದ ಮೇಲೆ ನನಗೆ ಹೆಸರು ಕೊಡಿ. ಕೊಯ್ಲು ಮುಗಿದು ಗದ್ದೆ ಬಯಲಾದ ಮೇಲೆ ಹೊರಡೋಣ.