ಮಳೆ ಬಂದಾಗ ನೋಯುವ ಕೈ



ಆಶಯ ಭಾಷಣವೆಂಬುದು ಎರಡು ದಿನಗಳ ಚರ್ಚೆಗೆ ಹೊಸ್ತಿಲನ್ನು ಇಟ್ಟುಕೊಡಬೇಕಾದ ಕಾರ್ಯವೇ ಹೊರತು ಮನೆಯನ್ನೇ ಕಟ್ಟಿ ಮುಗಿಸುವ ಸಾಹಸವಲ್ಲವೆಂದು ನಂಬಿರುವವನು ನಾನಾದುದರಿಂದ, ಕಥನಸಾಹಿತ್ಯದಲ್ಲಿ ಕಿಶೋರವಯಸ್ಸಿನ ಶೋಕ ಎಂಬ ಈ ಸಂಕಿರಣದ ವಿಶಾಲವಾದ ವಿಷಯವನ್ನು ಸಮಗ್ರವಾಗಿ ನಿರೂಪಿಸುವ ಗೊಡವೆಗೆ ಹೋಗದೆ, ಒಂದೇ ಒಂದು ಕಾದಂಬರಿಯನ್ನು, ಅದರೊಳಗೂ ಒಬ್ಬ ಹುಡುಗನ ಬಲಗೈಯನ್ನು, ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಕಾದಂಬರಿಯ ಹೆಸರು 'ದ ಕ್ಯಾಚರ್ ಇನ್ ದ ರೈ'. ಬರೆದವನು ಅಮೆರಿಕದ ಜೆ. ಡಿ. ಸ್ಯಾಲಿಂಜರ್, ಅದು ಪ್ರಕಟವಾದದ್ದು 1951ನೆಯ ಇಸವಿಯ ಜುಲೈ 16ರಂದು. ಶೀರ್ಷಿಕೆಯಲ್ಲಿನ ರೈ ಗೋಧಿಯ ಬಳಗಕ್ಕೆ ಸೇರಿದ ಒಂದು ಧಾನ್ಯ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮವೆಂದು ನಾನು ಕಲಿತದ್ದು ದಕ್ಷಿಣ ಕನ್ನಡದ ಒಂದು ತರಗತಿಯಲ್ಲಿ. ಅಲ್ಲಿ ನಾನು ಪುಸ್ತಕದ ಹೆಸರನ್ನು ಉಚ್ಚರಿಸಿದೊಡನೆ ತರಗತಿಗೆ ತರಗತಿಯೇ ರೈ ಮನೆತನದ ಇಬ್ಬರು ಹುಡುಗರ ಕಡೆಗೆ ತಿರುಗಿ ನಕ್ಕಿತು.

ನಮ್ಮ ಇಂಗ್ಲಿಷ್ ವಿಭಾಗಗಳಲ್ಲಿ ಈ ಕೃತಿಯನ್ನು ಪಾಠ ಹೇಳುವ ರೂಢಿಯ ಕ್ರಮ ತಮಗೆ ತಿಳಿಯದುದಲ್ಲ. ದೊಡ್ಡವರ ಲೋಕದ ಕಪಟವನ್ನು ಕಂಡು ಕೆರಳಿದ ಯೌವನ, ಬಂಡಾಯ, ಅನ್ಯತಾಭಾವ ಎಂಬ ಮೂರು ಶಬ್ದಗಳನ್ನು ಕರಿಹಲಗೆಯ ಮೇಲೆ ಬರೆದರೆ ಪರೀಕ್ಷೆಗೆ ಬೇಕಾದಷ್ಟು ಸರಕು ಒದಗಿತು. ನಾನೂ ಅನೇಕ ವರ್ಷ ಹಾಗೆಯೇ ಬರೆದವನು. ಹದಿನಾರು ವರ್ಷದ ಹೋಲ್ಡನ್ ಕಾಲ್‌ಫೀಲ್ಡ್ ಮತ್ತೊಂದು ಶಾಲೆಯಿಂದ ಹೊರಹಾಕಿಸಿಕೊಂಡು, ಮನೆಗೆ ಹೋಗುವ ಧೈರ್ಯವಿಲ್ಲದೆ, ಡಿಸೆಂಬರಿನ ಚಳಿಯಲ್ಲಿ ನ್ಯೂಯಾರ್ಕಿನ ಹೋಟೆಲು, ಉದ್ಯಾನ, ರೈಲುನಿಲ್ದಾಣಗಳಲ್ಲಿ ಅಲೆಯುತ್ತ, ಕಂಡಕಂಡವರನ್ನೆಲ್ಲ ನಟರೆಂದು ಹಳಿಯುತ್ತ, ಅದೇ ಉಸಿರಿನಲ್ಲಿ ಕಂಡಕಂಡವರೊಡನೆ ಮಾತಿಗೆ ಹಾತೊರೆಯುತ್ತ ಕಳೆಯುವ ಎರಡು ಮೂರು ದಿನಗಳ ಕಥೆಯನ್ನು ಬಂಡಾಯವೆಂದು ಕರೆಯುವುದು ತಪ್ಪೇನೂ ಅಲ್ಲ. ಆದರೆ ಅದು ಹೊಗೆಯನ್ನು ವರ್ಣಿಸಿ ಬೆಂಕಿಯನ್ನು ಬಿಟ್ಟಂತೆ.

ಬೆಂಕಿ ಇರುವುದು ಪುಸ್ತಕದ ಆರಂಭದ ಭಾಗದಲ್ಲಿಯೇ, ಬೇರಾವುದೋ ಮಾತಿನ ನಡುವೆ ಅಡಗಿಕೊಂಡು. ಹೋಲ್ಡನ್ನನಿಗೆ ಆಲಿ ಎಂಬ ಒಬ್ಬ ತಮ್ಮನಿದ್ದ; ಕೆಂಗೂದಲಿನವನು, ಎಡಚ, ಮನೆಯಲ್ಲಿ ಎಲ್ಲರಿಗಿಂತ ಬುದ್ಧಿವಂತ, ಯಾರ ಮೇಲೂ ಸಿಟ್ಟಾಗದವನು. ಕುಟುಂಬವು ಬೇಸಗೆಗೆಂದು ಮೇಯ್ನ್ ಪ್ರಾಂತಕ್ಕೆ ಹೋಗಿದ್ದಾಗ, 1946ರ ಜುಲೈ 18ರಂದು, ರಕ್ತದ ಕ್ಯಾನ್ಸರಿನಿಂದ ಅವನು ತೀರಿಕೊಂಡ. ಅವನಿಗೆ ಹನ್ನೊಂದು, ಅಣ್ಣನಿಗೆ ಹದಿಮೂರು. ಊರು, ವಾರ, ತೇದಿಗಳ ವಿಷಯದಲ್ಲಿ ಸದಾ ಉದಾಸೀನನಾಗಿ ಮಾತಾಡುವ ಈ ನಿರೂಪಕನು ದಿನ, ತಿಂಗಳು, ಇಸವಿ ಮೂರನ್ನೂ ಸೇರಿಸಿ ಕಲ್ಲಿನ ಮೇಲೆ ಕೆತ್ತಿದಂತೆ ಹೇಳುವ ಮಾತು ಇದೊಂದೆಂದು ನನ್ನ ನೆನಪು. ಆ ರಾತ್ರಿ ಅವನು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಮಲಗಿದ. ಅಲ್ಲಿನ ಕಿಟಕಿಗಳ ಗಾಜನ್ನೆಲ್ಲ ಬರಿಗೈ ಮುಷ್ಟಿಯಿಂದ ಗುದ್ದಿ ಒಡೆದ. ಕಾರಿನ ಗಾಜನ್ನೂ ಒಡೆಯಹೋದ, ಆದರೆ ಅಷ್ಟರೊಳಗೆ ಕೈ ಮುರಿದಿತ್ತು. ಅಂದಿನಿಂದ ಆ ಕೈ ಮುಷ್ಟಿಯನ್ನು ಬಿಗಿಯಾಗಿ ಕಟ್ಟಲಾರದು. ಮಳೆ ಬಂದಾಗ ಒಮ್ಮೊಮ್ಮೆ ನೋಯುತ್ತದೆ.

ಆಲಿ ಬಿಟ್ಟುಹೋದ ವಸ್ತುವೊಂದುಂಟು: ಬೇಸ್‌ಬಾಲ್ ಆಟದ ಕೈಗವಸು. ನಮ್ಮ ಕ್ರಿಕೆಟ್ಟಿನಲ್ಲಿ ಚೆಂಡು ಹಿಡಿಯಲು ಅಂಥದನ್ನು ತೊಡುವವನು ವಿಕೆಟ್‌ಕೀಪರನೊಬ್ಬನೆ. ಬೇಸ್‌ಬಾಲಿನಲ್ಲಿ ಮೈದಾನದಲ್ಲಿ ನಿಂತ ಪ್ರತಿಯೊಬ್ಬನೂ ತೊಡುತ್ತಾನೆ. ಬ್ಯಾಟು ಹಿಡಿದು ಯಾರೂ ನಿಂತಿರದ ಹೊತ್ತಿನಲ್ಲಿ ಓದಿಕೊಳ್ಳಲೆಂದು ಆ ಹುಡುಗ ಅದರ ಬೆರಳುಗಳ ಮೇಲೆ, ಅಂಗೈಯ ಮೇಲೆ, ಎಲ್ಲೆಂದರಲ್ಲಿ ಹಸಿರು ಶಾಯಿಯಿಂದ ಕವಿತೆಗಳನ್ನು ಬರೆದಿದ್ದ. ಇಲ್ಲಿ ಒಂದು ಸಣ್ಣ ಸಂಗತಿಯತ್ತ ತಮ್ಮ ಗಮನವನ್ನು ಸೆಳೆಯಬಯಸುತ್ತೇನೆ. ಎಡಚನು ಎಡಗೈಯಿಂದ ಎಸೆಯುವವನಾದುದರಿಂದ ಗವಸನ್ನು ತೊಡುವುದು ಬಲಗೈಗೆ. ಹೋಲ್ಡನ್ ಮುರಿದುಕೊಂಡದ್ದೂ ಬಲಗೈಯನ್ನೇ. ಸಹವಾಸಿಯೊಬ್ಬನೊಡನೆ ಜಗಳವಾದಾಗ, ಹೊಡೆದದ್ದು ಬಲಗೈಯಿಂದಾದ ಕಾರಣ ಏಟು ಸರಿಯಾಗಿ ಬೀಳಲಿಲ್ಲವೆಂದು ಅವನು ತಾನಾಗಿಯೇ ತಿಳಿಸುತ್ತಾನೆ. ತಮ್ಮನ ಗವಸು ಯಾವ ಕೈಗೆ ಹೊಂದಬಹುದಾಗಿತ್ತೋ ಆ ಕೈಯನ್ನೇ ಅಣ್ಣ ಒಡೆದುಕೊಂಡಿದ್ದಾನೆ. ಲೇಖಕನು ಇದನ್ನು ಉದ್ದೇಶಪೂರ್ವಕವಾಗಿ ಹೂಡಿದನೆ ಎಂಬ ಪ್ರಶ್ನೆಯನ್ನು ನಾನು ಎತ್ತುವುದಿಲ್ಲ. ಪುಸ್ತಕದಲ್ಲಿ ಅದು ಇದೆ, ಅಷ್ಟು ನನಗೆ ಸಾಕು. ಕಮರಿಯ ಅಂಚಿನಲ್ಲಿ ನಿಂತು, ರೈ ಹೊಲದಲ್ಲಿ ಆಡುತ್ತ ಓಡುತ್ತ ಬಂದು ಬೀಳಲಿರುವ ಮಕ್ಕಳನ್ನು ಹಿಡಿದುಕೊಳ್ಳುವವನಾಗಬೇಕೆಂದು ಈ ಹುಡುಗ ಮುಂದೆ ತನ್ನ ಬಾಳಿನ ಬಯಕೆಯನ್ನು ಹೇಳಿಕೊಳ್ಳುವಾಗ, ಹಿಡಿಯಬೇಕಾದ ಕೈ ಎಂಥದೆಂಬುದನ್ನು ನಾವು ಮರೆಯಲಾಗದು.

ಆ ಕೈಯ ದೆಸೆಯಿಂದ ಒದಗಿದ ಇನ್ನೊಂದು ನಷ್ಟವನ್ನು ಅವನು ಬಹಳ ತಡವಾಗಿ ಬಾಯಿಬಿಡುತ್ತಾನೆ. ಕುಡಿದು, ತಲೆಗೂದಲಲ್ಲಿ ಮಂಜುಗಡ್ಡೆ ಕಟ್ಟಿಕೊಂಡು, ಸೆಂಟ್ರಲ್ ಪಾರ್ಕಿನ ಕೊಳದ ಬಳಿ ಬಾತುಕೋಳಿಗಳನ್ನು ಹುಡುಕುತ್ತ ಕುಳಿತ ಆ ರಾತ್ರಿ, ತಾನೇ ಸತ್ತು ತನ್ನ ಶವಸಂಸ್ಕಾರಕ್ಕೆ ನೆಂಟರಿಷ್ಟರು ಬಂದು ನೆರೆದಂತೆ ಕಲ್ಪಿಸಿಕೊಳ್ಳುವಾಗ, ಆಲಿಯ ಸಂಸ್ಕಾರದ ಸಮಯದಲ್ಲಿ ತಾನು ಆಸ್ಪತ್ರೆಯಲ್ಲಿದ್ದೆನೆಂಬ ಮಾತು ಹೊರಗೆ ಬೀಳುತ್ತದೆ. ಅಲ್ಲಿ ಯಾರು ಏನಂದರೆಂಬುದನ್ನು ಅಣ್ಣ ಡಿ.ಬಿ.ಯ ಬಾಯಿಂದ ಕೇಳಿ ತಿಳಿದವನು ಅವನು. ಹುಡುಗನ ಧರ್ಮ ಬೇರೆ, ನಾಡು ಬೇರೆ. ನಮ್ಮ ಆಚಾರಗಳನ್ನು ಅವನ ತಲೆಗೆ ಕಟ್ಟುವುದು ಸಲ್ಲದು. ಆದರೂ ಕನ್ನಡದಲ್ಲಿ ಓದುವ ನನಗೆ ಸೂತಕ ಎಂಬ ಶಬ್ದ ನೆನಪಾಗದೆ ಇರದು. ಸೂತಕವೆಂದರೆ ಬರಿಯ ಅಶೌಚವಲ್ಲ. ಸತ್ತವನ ಮನೆಯವರು ಇಷ್ಟು ದಿನ ಲೋಕದಿಂದ ಹೊರಗಿದ್ದು ಆಮೇಲೆ ಒಳಗೆ ಬರಬಹುದೆಂದು ಶೋಕಕ್ಕೆ ಒಂದು ಬಾಗಿಲನ್ನೂ ಒಂದು ಅವಧಿಯನ್ನೂ ಗೊತ್ತುಮಾಡಿಕೊಡುವ ಏರ್ಪಾಡು. ಹೋಲ್ಡನ್ ಹೊರಗೆ ಹೋದ. ಒಳಗೆ ಕರೆದುಕೊಳ್ಳುವ ದಿನವನ್ನು ಅವನಿಗೆ ಯಾರೂ ಹೇಳಲಿಲ್ಲ. ಕಥೆ ನಡೆಯುವ ಹೊತ್ತಿಗೆ ಮೂರೂವರೆ ವರ್ಷ ಸಂದಿದೆ, ಆ ಸೂತಕ ಇನ್ನೂ ಕಳೆದಿಲ್ಲ. ಇತಿಹಾಸದ ಪರೀಕ್ಷೆಯಲ್ಲಿ ಈಜಿಪ್ಟಿನವರು ಶವಗಳನ್ನು ಕೆಡದಂತೆ ಇಡುತ್ತಿದ್ದ ಬಗೆಯನ್ನಲ್ಲದೆ ಬೇರೇನನ್ನೂ ಬರೆಯಲಾರದೆ ಅವನು ನಪಾಸಾದುದನ್ನೂ, ಗಾಜಿನ ಪೆಟ್ಟಿಗೆಗಳೊಳಗೆ ಎಲ್ಲವೂ ಇದ್ದಲ್ಲೇ ಇರುತ್ತವೆಂಬ ಕಾರಣಕ್ಕೆ ವಸ್ತುಸಂಗ್ರಹಾಲಯವನ್ನು ಪ್ರೀತಿಸುವುದನ್ನೂ ಈ ಬೆಳಕಿನಲ್ಲಿ ನೋಡಬೇಕು. ಗಾಜನ್ನು ಗುದ್ದಿ ಒಡೆದವನೇ ಗಾಜಿನ ಹಿಂದೆ ಲೋಕವೆಲ್ಲ ಭದ್ರವಾಗಿರಲೆಂದು ಬಯಸುತ್ತಿದ್ದಾನೆ.

ಕೃತಿಯ ಪೂರ್ವಚರಿತ್ರೆ ಇದಕ್ಕೆ ಇನ್ನಷ್ಟು ಬೆಳಕು ಬೀರುತ್ತದೆ. ಸ್ಯಾಲಿಂಜರ್ 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಇಳಿದ ಸೈನಿಕ. ಯುದ್ಧ ಮುಗಿದ ಮೇಲೆ ಮನಸ್ಸು ಜರ್ಜರಿತವಾಗಿ ನ್ಯೂರೆಂಬರ್ಗಿನಲ್ಲಿ ಆಸ್ಪತ್ರೆ ಸೇರಿದವನು. 1945ರಲ್ಲಿ ಅವನು ಅಚ್ಚುಮಾಡಿಸಿದ ಒಂದು ಸಣ್ಣಕಥೆಯಲ್ಲಿ, ಜಾರ್ಜಿಯಾ ಪ್ರಾಂತದ ಒಂದು ಸೈನಿಕ ಲಾರಿಯಲ್ಲಿ, ಸುರಿವ ಮಳೆಯ ನಡುವೆ, ವಿನ್ಸೆಂಟ್ ಕಾಲ್‌ಫೀಲ್ಡ್ ಎಂಬವನು ಯುದ್ಧದಲ್ಲಿ ಕಾಣೆಯಾದ ತಮ್ಮನನ್ನು ನೆನೆದು ಕುದಿಯುತ್ತಾನೆ. ಕಾಣೆಯಾದ ಆ ತಮ್ಮನ ಹೆಸರು ಹೋಲ್ಡನ್! ಮೊದಲು ಕಳೆದುಹೋದವನಾಗಿದ್ದ ಹುಡುಗ ಕಾದಂಬರಿಯಲ್ಲಿ ಕಳೆದುಕೊಂಡವನಾಗಿ ಹಿಂದಿರುಗಿದ. ಯುದ್ಧವು ಕಥೆಯಿಂದ ಹೆಚ್ಚುಕಡಿಮೆ ಮರೆಯಾಯಿತು, ಶೋಕವೂ ಮಳೆಯೂ ಉಳಿದವು. ಸ್ಯಾಲಿಂಜರನು ಮುಂದೆ ನ್ಯೂಯಾರ್ಕಿನ ರಾಮಕೃಷ್ಣ-ವಿವೇಕಾನಂದ ಕೇಂದ್ರದ ಸಂಪರ್ಕಕ್ಕೆ ಬಂದು ವೇದಾಂತದಲ್ಲಿ ಆಸಕ್ತನಾದನೆಂಬುದನ್ನು ನಮ್ಮವರು ಅಭಿಮಾನದಿಂದ ಉಲ್ಲೇಖಿಸುವುದುಂಟು. ಆದರೆ ಈ ಕಾದಂಬರಿಯೊಳಗೆ ವೈರಾಗ್ಯವನ್ನು ಅರಸುವುದು ನಿಷ್ಫಲ ಶ್ರಮ; ಇದು ಅಂಟಿಕೊಂಡವನ ಪುಸ್ತಕ.

ಇನ್ನು ಸಂಬಂಧಗಳ ವಿಚಾರ. ಹೋಲ್ಡನ್ನನು ಯಾರೊಡನೆಯೂ ಬೆರೆಯಲಾರನೆಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಅವನ ಎಲ್ಲ ಸಂಬಂಧಗಳ ಲೆಕ್ಕವೂ ಆಲಿಯ ಖಾತೆಯಲ್ಲಿ ಬರೆದಿದೆ. ಜೇನ್ ಗ್ಯಾಲಗರ್ ಎಂಬ ಹುಡುಗಿಯನ್ನು ಅವನು ಪುಸ್ತಕದುದ್ದಕ್ಕೂ ನೆನೆಯುತ್ತಾನೆ, ಫೋನು ಮಾಡಬೇಕೆಂದು ಮತ್ತೆ ಮತ್ತೆ ಹೊರಡುತ್ತಾನೆ, ಅವಳೊಡನೆ ಒಮ್ಮೆಯೂ ಮಾತಾಡಲಾರ. ಅವಳ ವಿಶೇಷವೇನು? ಚೆಕರ್ಸ್ ಆಟದಲ್ಲಿ ರಾಜಪಟ್ಟ ಪಡೆದ ಕಾಯಿಗಳನ್ನು ನಡೆಸದೆ ಹಿಂದಿನ ಸಾಲಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದವಳು ಅವಳು; ಮಲತಂದೆ ಬಂದು ಏನೋ ಕೇಳಿದಾಗ ಮಣೆಯ ಮೇಲೆ ಬಿದ್ದ ಕಣ್ಣೀರಿನ ಹನಿಯೊಂದನ್ನು ಬೆರಳಿನಿಂದ ಉಜ್ಜಿ ಒರೆಸಿದವಳು. ಇವೆಲ್ಲಕ್ಕಿಂತ ಮಿಗಿಲಾಗಿ, ಮನೆಯವರನ್ನು ಬಿಟ್ಟರೆ ಆಲಿಯ ಕೈಗವಸನ್ನು ಅವನು ತೋರಿಸಿದ್ದು ಅವಳೊಬ್ಬಳಿಗೆ. ಸ್ಟ್ರಾಡ್ಲೇಟರ್ ಎಂಬ ಆ ಸಹವಾಸಿ ಜೇನಳೊಡನೆ ವಿಹಾರಕ್ಕೆ ಹೋದ ರಾತ್ರಿಯೇ, ಅವನ ಪರವಾಗಿ ಬರೆದುಕೊಡಬೇಕಾಗಿದ್ದ ಪ್ರಬಂಧದಲ್ಲಿ ಹೋಲ್ಡನ್ ಆ ಕೈಗವಸನ್ನು ವರ್ಣಿಸುತ್ತಾನೆ. ಬಂದವನು, ಕೋಣೆಯನ್ನೋ ಮನೆಯನ್ನೋ ವರ್ಣಿಸೆಂದರೆ ಇದೇನೆಂದು ರೇಗುತ್ತಾನೆ. ಹೋಲ್ಡನ್ ಹಾಳೆಗಳನ್ನು ಹರಿದು ಹಾಕುತ್ತಾನೆ. ಆನಂತರದ ಹೊಡೆದಾಟವನ್ನು ಹೆಣ್ಣಿನ ಸಲುವಾಗಿ ನಡೆದ ಕದನವೆಂದಷ್ಟೇ ಓದಿದರೆ ಅರ್ಧ ಓದಿದಂತೆ.

ಒಬ್ಬಂಟಿಯಾಗಿ ಕುಗ್ಗಿದಾಗ ಅವನು ಆಲಿಯೊಡನೆ ಗಟ್ಟಿಯಾಗಿ ಮಾತಾಡುತ್ತಾನೆ. ಏನು ಮಾತಾಡುತ್ತಾನೆಂಬುದನ್ನು ಗಮನಿಸಬೇಕು. ಎಂದೋ ಒಂದು ದಿನ ಗೆಳೆಯನೊಬ್ಬನ ಜೊತೆ ಸೈಕಲ್ಲಿನಲ್ಲಿ ಹೊರಟಾಗ ತಮ್ಮನೂ ಬರುತ್ತೇನೆಂದ. ನೀನಿನ್ನೂ ಚಿಕ್ಕವನೆಂದು ಇವನು ಬಿಟ್ಟುಹೋದ. ಆಲಿ ಮುನಿಯಲಿಲ್ಲ. ಈಗ ಹೋಲ್ಡನ್ ಹೋಟೆಲಿನ ಕೋಣೆಯಲ್ಲಿ ಕುಳಿತು, ಸರಿ, ಮನೆಗೆ ಹೋಗಿ ಸೈಕಲ್ಲು ತೆಗೆದುಕೊಂಡು ಬಾ, ಆ ಗೆಳೆಯನ ಮನೆಯ ಮುಂದೆ ಕಾಯುತ್ತಿರುತ್ತೇನೆಂದು ಮೃತನಿಗೆ ಅನುಮತಿಯನ್ನು ಕೊಡುತ್ತಾನೆ. ಒಡಹುಟ್ಟಿದವರನ್ನು ಕಳೆದುಕೊಂಡವರ ಪಶ್ಚಾತ್ತಾಪಕ್ಕೆ ಮಹಾಪರಾಧವೇನೂ ಬೇಕಿಲ್ಲ, ಇಷ್ಟೇ ಸಾಕು ಎಂಬುದನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದ ಲೇಖಕನನ್ನು ನಾನು ಕಂಡಿಲ್ಲ. ತಾಯಿಯೂ ಅದೇ ಮನೆಯವಳೆ; ಆಲಿ ಹೋದಂದಿನಿಂದ ಸ್ವಸ್ಥಳಲ್ಲದವಳು, ರಾತ್ರಿಯೆಲ್ಲ ಎಚ್ಚರವಾಗಿದ್ದು ಸಿಗರೇಟು ಸೇದುವವಳು. ಒಂದೇ ಸೂರಿನಡಿಯಲ್ಲಿ ಇಬ್ಬರು ನಿದ್ದೆಗೆಟ್ಟವರು ಪರಸ್ಪರ ಒಂದು ಮಾತನ್ನೂ ಆಡಲಾರರು.

ಮಾತಾಡುವವಳು ಫೀಬಿ, ಹತ್ತು ವರ್ಷದ ತಂಗಿ. ಅವಳಿಗೆಂದು ಅವನು ಕೊಂಡ ಗ್ರಾಮಫೋನು ತಟ್ಟೆ ದಾರಿಯಲ್ಲಿ ಬಿದ್ದು ಚೂರಾದಾಗ, ಚೂರುಗಳನ್ನೇ ಕೊಡೆಂದು ಕೇಳಿ ಮೇಜಿನ ಸೆಳೆಪೆಟ್ಟಿಗೆಯಲ್ಲಿ ಇರಿಸಿಕೊಳ್ಳುವವಳು. ನಿನಗೆ ಇಷ್ಟವಾದದ್ದು ಒಂದನ್ನಾದರೂ ಹೇಳೆಂದು ಅವಳು ಕೇಳಿದಾಗ ಅವನ ಬಾಯಿಂದ ಬರುವ ಹೆಸರು ಆಲಿಯದು. ಆಲಿ ಸತ್ತಿದ್ದಾನೆಂದು ಅವಳು ನೇರವಾಗಿ ಹೇಳುತ್ತಾಳೆ. ಪುಸ್ತಕದ ಯಾವ ಹಿರಿಯನೂ ಅವನಿಗೆ ಹೇಳದ ವಾಕ್ಯವದು. ಉಪದೇಶಗಳು ಬೇಕಾದಷ್ಟು ದೊರೆಯುತ್ತವೆ, ಮುದುಕ ಮಾಸ್ತರರಿಂದ ಒಂದು, ನಡುರಾತ್ರಿಯಲ್ಲಿ ಇನ್ನೊಬ್ಬ ಮಾಸ್ತರರಿಂದ ಮತ್ತೊಂದು. ಅವುಗಳ ಮೇಲೆ ನಾನು ಕಾಲಹರಣ ಮಾಡುವುದಿಲ್ಲ. ಹಬ್ಬಕ್ಕೆಂದು ಕೂಡಿಟ್ಟ ಪುಡಿಗಾಸನ್ನು ಆ ಮಗು ಅವನ ಕೈಗಿತ್ತಾಗ ಅವನಿಗೆ ಅಳು ಒತ್ತರಿಸಿ ಬರುತ್ತದೆ. ಅವನು ಹಿಂದೆಯೂ ಅತ್ತವನೆ: ಶಾಲೆಯನ್ನು ಬಿಡುವಾಗ, ಹೋಟೆಲಿನಲ್ಲಿ ಏಟು ತಿಂದಾಗ. ವ್ಯತ್ಯಾಸವೆಂದರೆ ಈ ಸಲ ಅವನ ಕೊರಳನ್ನು ಬಳಸುವ ಒಂದು ತೋಳಿದೆ.

ಮನೋವೈದ್ಯ ಮಿತ್ರರು ಇಲ್ಲಿರುವುದರಿಂದ ಒಂದು ಮಾತು. ಅಮೆರಿಕದ ಮನೋವೈದ್ಯಸಂಘವು ತನ್ನ ರೋಗನಿರ್ಣಯದ ಕೈಪಿಡಿಯ 2022ರ ಪರಿಷ್ಕರಣದಲ್ಲಿ ದೀರ್ಘಶೋಕವನ್ನು ಒಂದು ವ್ಯಾಧಿಯಾಗಿ ಸೇರಿಸಿ, ವಯಸ್ಕರಿಗೆ ಹನ್ನೆರಡು ತಿಂಗಳು, ಮಕ್ಕಳಿಗೂ ಕಿಶೋರರಿಗೂ ಆರು ತಿಂಗಳು ಎಂಬ ಕನಿಷ್ಠ ಗಡುವನ್ನು ಗೊತ್ತುಮಾಡಿದೆ. ಚಿಕಿತ್ಸೆಗೆ ಅಂಥ ಅಳತೆಗೋಲು ಬೇಕೇಬೇಕು. ನರಳುವ ಮಗುವನ್ನು ಸಕಾಲದಲ್ಲಿ ಗುರುತಿಸಲು ಅದು ನೆರವಾದರೆ ನಾನು ಕೈಮುಗಿಯುತ್ತೇನೆ. ಆದರೆ ಈ ಎರಡು ದಿನಗಳಲ್ಲಿ ಹೋಲ್ಡನ್ನನ ಕೊರಳಿಗೆ ರೋಗದ ಹೆಸರನ್ನು ಕಟ್ಟಿ ಕಡತವನ್ನು ಮುಚ್ಚುವ ಅವಸರವನ್ನು ಸಾಹಿತ್ಯದವರೂ ವೈದ್ಯರೂ ತೋರಬಾರದೆಂದು ಪ್ರಾರ್ಥನೆ. ಆಲಿ ತೀರಿದಾಗ ಅವನ ತಂದೆತಾಯಿಗಳಿಗೂ ಹೊಳೆದ ಉಪಾಯ, ಕಿಟಕಿ ಒಡೆದ ಹುಡುಗನನ್ನು ಮನೋವಿಶ್ಲೇಷಣೆಗೆ ಒಪ್ಪಿಸುವುದೇ ಆಗಿತ್ತು. ಅವರ ಮೇಲೆ ಅವನಿಗೆ ದೂರಿಲ್ಲ, ನನಗೂ ಇಲ್ಲ.

ಮಳೆಯ ಮಾತಿಗೆ ಮರಳುತ್ತೇನೆ. ತಮ್ಮನ ಸಮಾಧಿಗೆ ತಂದೆತಾಯಿಗಳೊಡನೆ ಅವನು ಕೆಲವು ಸಲ ಹೋಗಿದ್ದುಂಟು. ಅಲ್ಲಿ ಎರಡು ಬಾರಿ ಮಳೆ ಸುರಿಯಿತು. ಬಂದಿದ್ದವರೆಲ್ಲ ಓಡಿಹೋಗಿ ಕಾರುಗಳಲ್ಲಿ ಕುಳಿತರು, ರೇಡಿಯೋ ಹಾಕಿಕೊಂಡರು, ಊಟಕ್ಕೆ ಹೊರಟುಹೋಗಬಲ್ಲವರಾಗಿದ್ದರು. ಆಲಿಯೊಬ್ಬನ ಹೊರತು. ಅದನ್ನು ತಾಳಲಾರದೆ ಹೋಲ್ಡನ್ ಅಲ್ಲಿಗೆ ಹೋಗುವುದನ್ನೇ ಬಿಟ್ಟ. ಕಥೆಯ ಕೊನೆಯಲ್ಲಿ, ಉದ್ಯಾನದ ತಿರುಗು ಕುದುರೆಯ ಮೇಲೆ ಫೀಬಿ ಸುತ್ತುತ್ತಿರುವಾಗ, ಮಕ್ಕಳು ಚಿನ್ನದ ಬಣ್ಣದ ಉಂಗುರಕ್ಕೆ ಕೈಚಾಚಿ ಬಾಗುತ್ತಿರುವಾಗ, ಬಿದ್ದರೆ ಬೀಳಲಿ, ತಡೆಯಬಾರದೆಂದು ಅವನು ಸುಮ್ಮನಿದ್ದಾನೆ. ಅಷ್ಟರಲ್ಲಿ ಮಳೆ ಧೋ ಎಂದು ಸುರಿಯುತ್ತದೆ. ಇತರ ಮಕ್ಕಳ ತಾಯಿತಂದೆಗಳೆಲ್ಲ ಸೂರಿನಡಿಗೆ ಓಡುತ್ತಾರೆ. ತಲೆಯ ಮೇಲೆ ಫೀಬಿ ಇಟ್ಟುಹೋದ ಕೆಂಪು ಟೋಪಿಯೊಡನೆ ಇವನು ಬೆಂಚಿನ ಮೇಲೆಯೇ ಕುಳಿತು ತೊಪ್ಪನೆ ತೊಯ್ಯುತ್ತಾನೆ, ಮತ್ತು ಅಕಾರಣವಾದ ಆನಂದದಿಂದ ಅಳು ಬರುವಂತಾಗುತ್ತಾನೆ. ಮೊದಲಿನ ಮಳೆಯಲ್ಲಿ ಆಲಿಯೊಬ್ಬನನ್ನೇ ಬಿಟ್ಟು ಎಲ್ಲರೂ ಓಡಿದ್ದರು. ಈ ಮಳೆಯಲ್ಲಿ ಓಡದವನೊಬ್ಬನಿದ್ದಾನೆ. ಮಳೆ ಬಂದರೆ ನೋಯುವ ಕೈ ಆಗ ನೋಯಿತೆ ಎಂಬುದನ್ನು ಅವನು ಹೇಳುವುದಿಲ್ಲ.

ಕಡೆಯ ಪುಟದಲ್ಲಿ, ತಾನು ಹೇಳಿದ ಕಥೆಯೊಳಗಿನವರೆಲ್ಲರ ಅಗಲಿಕೆ ತನ್ನನ್ನು ಕಾಡುತ್ತಿದೆಯೆಂದು ಒಪ್ಪಿಕೊಂಡು ಅವನು ಕೆಲವು ಹೆಸರುಗಳನ್ನು ಎಣಿಸುತ್ತಾನೆ: ಹೊಡೆದಾಡಿದ ಸ್ಟ್ರಾಡ್ಲೇಟರ್, ಪಕ್ಕದ ಕೋಣೆಯ ಕೊಳಕ ಆಕ್ಲಿ, ಹಣ ಕಿತ್ತು ಹೊಟ್ಟೆಗೆ ಗುದ್ದಿದ ಹೋಟೆಲಿನ ಲಿಫ್ಟು ನಡೆಸುವ ಮಾರಿಸ್. ಆ ಪಟ್ಟಿಯಲ್ಲಿ ಆಲಿಯ ಹೆಸರಿಲ್ಲ. ಇಂದಿನ ಮೊದಲ ಗೋಷ್ಠಿಯ ಪ್ರಬಂಧಕಾರರು ಅಲ್ಲಿಂದಲೇ ಆರಂಭಿಸಿದರೆ ನಾನು ಮುಂದಿನ ಸಾಲಿನಲ್ಲಿ ಕುಳಿತು ಕೇಳಲು ಸಿದ್ಧನಿದ್ದೇನೆ.