ಹತ್ತಿಯ ಎಳೆ ಹೇಗೆ ಬೆಳೆಯುತ್ತದೆ?
(ಸುಳ್ಳ ಗ್ರಾಮದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹಿಂದಿನ ಸುಗ್ಗಿಯಲ್ಲಿ ಈ ಊರಿನ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಬೀಜ ಒಂದ, ಎರಿಹೊಲಾನೂ ಒಂದ. ಮೊದಲ ಬಿಡಿಸಿದ ಹತ್ತಿಗೆ ಒಂದು ದರ, ಕಡೀಕ ಬಿಡಿಸಿದ್ದಕ್ಕ ಇನ್ನೊಂದು ದರ. ಪ್ಯಾಟ್ಯಾಗ ನಮಗ ಮೋಸ ಮಾಡ್ಯಾರೇನ್ರಿ?" ಆ ದಿನ ನನಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಕೃಷಿ ಡಿಪ್ಲೊಮಾದಲ್ಲಿ ಓದಿದ ಪಾಠವನ್ನು ಮತ್ತೆ ತಿರುವಿ ಹಾಕಿ ಇಂದು ಉತ್ತರ ತಂದಿದ್ದೇನೆ.

ಗೋಡೆ ಇಟ್ಟಂಗಿಯಿಂದ ಆಗುವಂತೆ ಗಿಡವು ಜೀವಕೋಶಗಳಿಂದ ಆಗಿದೆ. ಒಂದೇ ಕೆಲಸಕ್ಕೆ ಕೂಡಿದ ಕೋಶಗಳ ಗುಂಪಿಗೆ ಅಂಗಾಂಶವೆನ್ನುತ್ತಾರೆ. ಕುಡಿಯ ತುದಿಯ ಕೋಶಗಳು ಒಡೆದು ಎರಡಾಗುತ್ತ ಗಿಡವನ್ನು ಬೆಳೆಸುತ್ತವೆ. ಬೇರಿನ ಕೂದಲು ನೀರು ಹೀರುತ್ತದೆ. ಕಾಂಡದೊಳಗಿನ ಕೊಳವೆಗಳು ಆ ನೀರನ್ನು ಮೇಲಕ್ಕೆ ಒಯ್ಯುತ್ತವೆ. ಈ ಕೊಳವೆಯ ಕೋಶಗಳು ತಾವು ಸತ್ತು ಟೊಳ್ಳಾದ ಮೇಲೆಯೇ ಕೆಲಸಕ್ಕೆ ಬರುತ್ತವೆ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ತೊಗಟೆಯ ಒಳಮೈಯ ಕೋಶಗಳು ಕಾಯಿಗೂ ಬೇರಿಗೂ ಹಂಚುತ್ತವೆ.

ಇನ್ನು ಹತ್ತಿಯ ಮಾತು. ಬೆರಳಿನಲ್ಲಿ ಹಿಡಿದ ಒಂದು ಎಳೆ ಎಂದರೆ ಒಂದೇ ಒಂದು ಜೀವಕೋಶ! ಹತ್ತಿಕಾಳಿನ ಸಿಪ್ಪೆಯ ಮೇಲಿನ ಕೋಶ ಹೂ ಅರಳಿದ ದಿನವೇ ಉಬ್ಬಿ, ತನ್ನ ಅಗಲಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಉದ್ದಕ್ಕೆ ಬೆಳೆಯುತ್ತದೆ.

ಇದಕ್ಕೆ ಎರಡು ಕಾಲಗಳಿವೆ. ಮೊದಲಿನ ಸುಮಾರು 3 ವಾರ ಉದ್ದವಾಗುವ ಕಾಲ. ನೀರು ತುಂಬಿದ ಚೀಲ ಹಿಗ್ಗಿದಂತೆ, ಕೋಶವು ಒಳಗಿನ ನೀರಿನ ಒತ್ತಡದಿಂದ ಚಾಚುತ್ತದೆ. ಆಗ ಹೊಲದಲ್ಲಿ ಹಸಿ ಆರಿದರೆ ಎಳೆ ಗಿಡ್ಡಾಗುತ್ತದೆ. ಆಮೇಲೆ, ಮಣ್ಣಿನ ಗೋಡೆಗೆ ಒಳಗಿನಿಂದ ಮೆತ್ತಿದಂತೆ, ಕೋಶವು ಸಕ್ಕರೆಯಿಂದ ಸೆಲ್ಯುಲೋಸ್ ಮಾಡಿ ಪದರ ಪದರವಾಗಿ ಹಚ್ಚಿಕೊಳ್ಳುತ್ತದೆ. ಇದು ಗಟ್ಟಿಯಾಗುವ ಕಾಲ. ಆಗ ಎಲೆ ಕೆಂಪಾಗಿ ಉದುರಿದರೆ, ಜಿಗಿಹುಳು ರಸ ಹೀರಿದರೆ, ರಾತ್ರಿ ಚಳಿ ಬಿದ್ದರೆ ಗೋಡೆ ತೆಳುವಾಗಿಯೇ ಉಳಿಯುತ್ತದೆ. ಹೂವಿನಿಂದ ಕಾಯಿ ಒಡೆಯುವವರೆಗೆ ಸುಮಾರು 50 ದಿನ. ಚಳಿಯಲ್ಲಿ ಇನ್ನೂ ಹೆಚ್ಚು.

ಕಾಯಿ ಒಡೆದಾಗ ಕೋಶ ಒಣಗಿ, ಚಪ್ಪಟೆಯಾಗಿ, ಹುರಿಗೊಳ್ಳುತ್ತದೆ. ಈ ಹುರಿಯಿಂದಲೇ ಎಳೆಗೆ ಎಳೆ ಹಿಡಿದು ನೂಲಾಗುವುದು. ಬಲಿಯದ ಎಳೆಗೆ ಹುರಿ ಸರಿಯಾಗಿ ಬರುವುದಿಲ್ಲ. ಅದು ಗಂಟುಗಟ್ಟುತ್ತದೆ, ಬಣ್ಣವನ್ನೂ ಸರಿಯಾಗಿ ಹಿಡಿಯುವುದಿಲ್ಲ.

ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ. ಗಿಡದ ಕೆಳಗಿನ ಕಾಯಿ ಹಸಿ ಇರುವಾಗ ಬೆಳೆಯಿತು. ತುದಿಯ ಕಾಯಿ ಎರೆ ಬಿರಿದು ಚಳಿ ಬಂದಾಗ ಬೆಳೆಯಿತು. ದರದಲ್ಲಿ ಬೇರೆ ಕಾರಣಗಳೂ ಇರಬಹುದು. ಆದರೆ ಎಳೆಯಲ್ಲಿ ವ್ಯತ್ಯಾಸವಿದ್ದುದು ನಿಜ, ಅದು ಹೊಲದಲ್ಲಿಯೇ ಆಗಿತ್ತು. ತಳಿಗೂ ಇದರಲ್ಲಿ ಪಾಲಿದೆ. ನಮ್ಮ ಜಯಧರ ಹತ್ತಿಯ ಎಳೆ ಗಿಡ್ಡ. 1972ರಲ್ಲಿ ಧಾರವಾಡದಲ್ಲಿ ಹೊರಬಂದ ವರಲಕ್ಷ್ಮಿ ಸಂಕರಣ ಹತ್ತಿಯ ಎಳೆ ಉದ್ದ. ಎಷ್ಟು ಬೆಳೆಯಬಲ್ಲದು ಎಂಬುದು ಬೀಜದಲ್ಲಿದೆ. ಎಷ್ಟು ಬೆಳೆಯಿತು ಎಂಬುದು ಹೊಲದಲ್ಲಿದೆ.

ಆದ್ದರಿಂದ ನಾಲ್ಕು ಮಾತು ನೆನಪಿಡಿ:

1. ಹದ ಮಳೆಗೆ ತಡಮಾಡದೆ ಬಿತ್ತಿರಿ. ಎಡೆ ಹೊಡೆದು ಹಸಿ ಕಾಯ್ದುಕೊಳ್ಳಿರಿ.
2. ಕೃಷಿಹೊಂಡದಲ್ಲಿ ನೀರಿದ್ದರೆ, ಹೂವು ಕಾಯಿಯ ಕಾಲಕ್ಕೆ ಒಂದು ನೀರು ಕೊಡಿರಿ.
3. ಮಣ್ಣು ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ಪೊಟ್ಯಾಶ್ ಹಾಕಿರಿ. ಎಳೆ ಚಾಚಲು ಅದು ಬೇಕು.
4. ಪೂರ್ತಿ ಒಡೆದ ಕಾಯಿಯನ್ನೇ, ಇಬ್ಬನಿ ಆರಿದ ಮೇಲೆ ಬಿಡಿಸಿರಿ. ಮೊದಲಿನ ಹತ್ತಿಯಲ್ಲಿ ಕಡೆಯ ಹತ್ತಿಯನ್ನು ಬೆರೆಸಬೇಡಿರಿ. ಬೆರೆಸಿದರೆ ಒಳ್ಳೆಯದಕ್ಕೂ ಕಡಿಮೆ ದರ.

ನನ್ನ ಮಾತನ್ನು ಹಾಗೆಯೇ ನಂಬಬೇಕಿಲ್ಲ. ಇಂದು ಅರಳಿದ ಹತ್ತು ಹೂಗಳ ತೊಟ್ಟಿಗೆ ಸಡಿಲವಾಗಿ ದಾರ ಕಟ್ಟಿರಿ. 20ನೆಯ ದಿನ ಒಂದು ಕಾಯಿ, 35ನೆಯ ದಿನ ಇನ್ನೊಂದು ಸೀಳಿ ನೋಡಿರಿ. ಶಾಲೆಯ ಮಕ್ಕಳೂ ಈ ಲೆಕ್ಕ ಇಡಬಲ್ಲರು.

ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುತ್ತಾರೆ. ಆ ಬಟ್ಟೆಯೂ ಎಲ್ಲಿಯೋ ಒಂದು ಹೊಲದಲ್ಲಿ, 50 ದಿನ ಬಲಿತ ಇಂಥ ಕೋಶಗಳಿಂದಲೇ ಆದದ್ದು. ಆ ದಿನಗಳಲ್ಲಿ ಗಿಡವನ್ನು ಕಾಯುವುದು ನಮ್ಮ ಕೈಯಲ್ಲಿದೆ.