ಮೇನ್‌ಫ್ರೇಮ್‌ನಲ್ಲಿ ಖಾಲಿ ಇರೋ ಸಿಪಿಯು ಯಾರದ್ದು?

ಎಂಟೆಕ್ ಮುಗಿಸಿ ಪುಣೆಗೆ ಬಂದಾಗ ನನಗೆ ಸಿಕ್ಕಿದ್ದು ಮೇನ್‌ಫ್ರೇಮ್ ಟೀಮ್. "ಅಯ್ಯೋ, ಕೋಬಾಲಾ?" ಅಂತ ಗೆಳೆಯರು ನಕ್ಕಿದ್ದರು. ಆ ಮಷಿನ್ ಮೇಲೆ ನಾನು ಮಾಡಿದ ಒಂದು ಎಡವಟ್ಟಿನ ಕಥೆ ಇವತ್ತು ಹೇಳ್ತೀನಿ.

1999ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದವರು ಸೆಟಿ ಅಟ್ ಹೋಮ್ ಶುರು ಮಾಡಿದರು. ರೇಡಿಯೋ ದೂರದರ್ಶಕದ ಡೇಟಾ ತುಂಡು ಮಾಡಿ ಜನರ ಮನೆ ಕಂಪ್ಯೂಟರ್‌ಗಳಿಗೆ ಕಳಿಸೋದು; ಮಷಿನ್ ಸುಮ್ಮನಿದ್ದಾಗ ಅದು ಲೆಕ್ಕ ಮಾಡಿ ವಾಪಸ್ ಕಳಿಸೋದು. ಅದರಿಂದ ಹುಟ್ಟಿದ್ದು ಬೋಯಿಂಕ್ ತಂತ್ರಾಂಶ. ಸೆಟಿ 2020ರ ಮಾರ್ಚ್‌ನಲ್ಲಿ ಕೆಲಸ ಹಂಚೋದು ನಿಲ್ಲಿಸಿತು, ಬೋಯಿಂಕ್ ನಿಂತಿಲ್ಲ.

ನಮ್ಮ ಟೆಸ್ಟ್ ಮೇನ್‌ಫ್ರೇಮ್‌ನಲ್ಲಿ ಝಡ್‌ವಿಎಂ ಮೇಲೆ ನನಗೊಂದು ಲಿನಕ್ಸ್ ಗೆಸ್ಟ್ ಕೊಟ್ಟಿದ್ದರು. ಶನಿವಾರ ನೋಡಿದರೆ ಸಿಪಿಯು ಪೂರ್ತಿ ಖಾಲಿ. ಬೋಯಿಂಕ್ ಹಾಕಿದರೆ ಹೇಗೆ ಅಂತ ತಲೆಗೆ ಬಂತು.

ಕ್ಲೈಂಟ್ ಸುಲಭವಾಗಿ ಎದ್ದಿತು, ಡೆಬಿಯನ್‌ನಲ್ಲಿ ಎಸ್390ಎಕ್ಸ್‌ಗೂ ಪ್ಯಾಕೇಜ್ ಇದೆ. ಆದರೆ ಈ ಜಾತಿಯ ಮಷಿನ್‌ಗೆ ನಮ್ಮಲ್ಲಿ ಆ್ಯಪ್ ಇಲ್ಲ ಅಂತ ಸರ್ವರ್ ಕೈ ಎತ್ತಿತು. ಅದಕ್ಕೂ ದಾರಿ ಇದೆ, ಅನಾನಿಮಸ್ ಪ್ಲಾಟ್‌ಫಾರ್ಮ್ ಅಂತ. ಸೋರ್ಸ್ ಸಿಕ್ಕರೆ ನೀವೇ ಕಂಪೈಲ್ ಮಾಡಿ, ಒಂದು ಎಕ್ಸ್‌ಎಂಎಲ್ ಫೈಲಲ್ಲಿ ಬರೆದಿಟ್ಟರೆ ಸಾಕು. ನಾನು ಕಂಪೈಲ್ ಮಾಡಿದೆ. ಓಡಿಸಿದರೆ ಉತ್ತರ ಎಲ್ಲಾ ಅಡ್ಡಾದಿಡ್ಡಿ. ನಮ್ಮ ಲ್ಯಾಪ್‌ಟಾಪ್‌ಗಳು ಸಂಖ್ಯೆಯ ಕೊನೆಯ ಬೈಟನ್ನು ಮೊದಲು ಇಡುತ್ತವೆ. ಮೇನ್‌ಫ್ರೇಮ್ ನಾವು ಬರೆಯೋ ಹಾಗೆ, ದೊಡ್ಡದು ಮೊದಲು. ಬೈನರಿ ಫೈಲ್ ಓದುವ ಕಡೆಯೆಲ್ಲ ಬೈಟ್ ತಿರುಗಿಸೋದಕ್ಕೇ ಎರಡು ವಾರಾಂತ್ಯ ಹೋಯ್ತು. ಸುಳ್ಳು ಯಾಕೆ ಹೇಳಲಿ, ಆ ಎರಡು ವಾರ ಕೆಲಸಕ್ಕೆ ಸೇರಿದ ಮೇಲೆ ಕಲಿತದ್ದಕ್ಕಿಂತ ಹೆಚ್ಚು ಕಲಿತೆ.

ಮೂರನೇ ಶನಿವಾರ ಸರಿಯಾದ ಉತ್ತರ ಬಂತು. ಖುಷಿಯಲ್ಲಿ ಹಾಗೇ ಓಡಲು ಬಿಟ್ಟು ಮನೆಗೆ ಹೋದೆ. ಯಾರನ್ನೂ ಕೇಳಿರಲಿಲ್ಲ.

ಸೋಮವಾರ ಕೆಪ್ಯಾಸಿಟಿ ನೋಡಿಕೊಳ್ಳೋ ಹಿರಿಯರೊಬ್ಬರು ಕರೆದರು. ಧಾರವಾಡದ ಕಡೆಯವರು.

"ಏನಪಾ ತಮ್ಮಾ, ಮಷಿನ್ನಿಗೆ ಏನ್ ಹಾಕಿದ್ದಿ?"

"ಖಾಲಿ ಇದ್ದಾಗ ಮಾತ್ರ ಓಡುತ್ತೆ ಸರ್. ನೈಸ್ 19ರಲ್ಲಿದೆ."

"ನೈಸ್ ನಿನ್ನ ಲಿನಕ್ಸಿಗೆ ಗೊತ್ತು. ಝಡ್‌ವಿಎಂಗೆ ಯಾರ್ ಹೇಳ್ಯಾರ?"

ನಾನು ಎಡವಿದ್ದು ಅಲ್ಲೇ. ಬೋಯಿಂಕ್ ತನ್ನನ್ನು ತೀರಾ ಕೆಳಗಿನ ಆದ್ಯತೆಯಲ್ಲಿ ಇಟ್ಟುಕೊಳ್ಳುತ್ತೆ, ನಿಜ. ಆದರೆ ಆ ಆದ್ಯತೆ ಗೆಸ್ಟ್‌ನ ಒಳಗೆ ಮಾತ್ರ. ಹೊರಗಿನ ಝಡ್‌ವಿಎಂಗೆ ಕಾಣೋದು ಒಂದೇ: ಈ ಗೆಸ್ಟ್ ಸಿಪಿಯು ಕೇಳ್ತಿದೆ. ಎಲ್ಲರಿಗೂ ಡೀಫಾಲ್ಟ್ ಶೇರ್ 100, ನನಗೂ ಅಷ್ಟೇ. ಪಕ್ಕದ ಗೆಸ್ಟ್‌ನಲ್ಲಿ ಇನ್ನೊಂದು ಟೀಮ್‌ನ ಟೆಸ್ಟ್ ಓಡುತ್ತಿತ್ತು, ಭಾನುವಾರ ಮುಗಿಯಬೇಕಿದ್ದದ್ದು ಸೋಮವಾರ ಬೆಳಗ್ಗೆಗೆ ಹೋಯ್ತು. ಆ ಟೀಮ್‌ನ ಹುಡುಗಿ ಭಾನುವಾರ ರಾತ್ರಿಯಿಡೀ ತನ್ನ ಕೋಡಲ್ಲೇ ತಪ್ಪು ಹುಡುಕುತ್ತಾ ಕೂತಿದ್ದಳಂತೆ. ಅವಳಿಗೆ ಹೋಗಿ ಹೇಳಿದೆ, ಕ್ಷಮೆ ಕೇಳಿದೆ. ಒಂದು ವಾರ ಮಾತಾಡಲಿಲ್ಲ.

ನನ್ನ ಅದೃಷ್ಟ, ಅದು ಲಿನಕ್ಸ್‌ಗೆಂದೇ ಇರೋ ಐಎಫ್‌ಎಲ್ ಪ್ರೊಸೆಸರ್. ಝಡ್‌ಓಎಸ್ ಕಡೆ ಹೀಗೆ ಮಾಡಿದ್ದರೆ ಕಥೆ ಬೇರೆ. ಅಲ್ಲಿ ಎಷ್ಟೋ ಕಡೆ ಸಾಫ್ಟ್‌ವೇರ್ ಬಿಲ್ ನಿಂತಿರೋದು ತಿಂಗಳ ಅತಿ ಹೆಚ್ಚಿನ ನಾಲ್ಕು ಗಂಟೆ ಸರಾಸರಿ ಬಳಕೆಯ ಮೇಲೆ.

ಸರ್ ಬೈದರೂ ದಾರಿ ತೋರಿಸಿದರು. ಶೇರ್ ಇಳಿಸಿ ಲಿಮಿಟ್‌ಹಾರ್ಡ್ ಹಾಕಿದರೆ ಗೆಸ್ಟ್ ಆ ಮಿತಿ ದಾಟಲ್ಲ. ಅದನ್ನೆಲ್ಲ ಬರೆದು ಅನುಮತಿ ಕೇಳಿ ಮೇಲ್ ಹಾಕಿದೆ. ಬೇಡ ಅಂತ ಒಂದೇ ಸಾಲಿನ ಉತ್ತರ ಬಂತು.

ಈಗ ಬೋಯಿಂಕ್ ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡ್ತಿದೆ. ಬೇಸಿಗೆಯಲ್ಲಿ ಫ್ಯಾನ್ ಸದ್ದಿಗೆ ನಮ್ಮ ಮನೆಯವರು ಬೈತಾರೆ, ಆಗ ನಿಲ್ಲಿಸ್ತೀನಿ. ಪ್ರಶ್ನೆ ಇದ್ದರೆ ಕೇಳಿ.